ಮನೆಯಲ್ಲೇ ಅಕ್ಕಿ ಹಾಲು: ಯಾರಿಗೆ ಹಿತ, ಯಾರಿಗೆ ಬೇಡ

ಈದ್ ದಿನ ನಮ್ಮ ಮನೆಗಳಲ್ಲಿ ಮಾಡುವ ಶೀರ್ ಖುರ್ಮಾ ನಿಮಗೆಲ್ಲ ಗೊತ್ತು. ‘ಶೀರ್’ ಎಂದರೆ ಫಾರ್ಸಿಯಲ್ಲಿ ಹಾಲು, ‘ಖುರ್ಮಾ’ ಎಂದರೆ ಖರ್ಜೂರ. ಇದೇ ಬೇರಿನ ಇನ್ನೊಂದು ಪದ ಯುನಾನಿ ವೈದ್ಯಪದ್ಧತಿಯಲ್ಲಿದೆ, ‘ಶೀರಾ’. ರವೆಯಿಂದ ಮಾಡುವ ಸಿಹಿತಿಂಡಿಯಲ್ಲ. ಬೀಜವನ್ನೋ ಕಾಳನ್ನೋ ನೆನೆಸಿ, ನೀರು ಹಾಕಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ ತೆಗೆದ ಬಿಳಿ ದ್ರವಕ್ಕೆ ಹಕೀಮರು ಶೀರಾ ಎನ್ನುತ್ತಾರೆ. ಬಾದಾಮಿಯ ಶೀರಾ, ಸೌತೆ ಬೀಜದ ಶೀರಾ, ಗೋಣಿ ಸೊಪ್ಪಿನ ಬೀಜದ ಶೀರಾ ಹೀಗೆ ನಮ್ಮ ಚೀಟಿಗಳಲ್ಲಿ ಇಂದಿಗೂ ಬರೆಯುತ್ತೇವೆ. ಈಗ ದೊಡ್ಡ ಪಟ್ಟಣಗಳ ಅಂಗಡಿಗಳಲ್ಲಿ ಪೆಟ್ಟಿಗೆಯಲ್ಲಿ ತುಂಬಿ ಮಾರುವ ‘ರೈಸ್ ಮಿಲ್ಕ್’ ಕೂಡ ಮೂಲದಲ್ಲಿ ಇಷ್ಟೇ, ಅಕ್ಕಿಯ ಶೀರಾ. ನೀರು ದೋಸೆಗೆ ಹಿಟ್ಟು ಅರೆಯುವ, ಹಾಲುಬಾಯಿಗೆ ಅಕ್ಕಿ ಮತ್ತು ತೆಂಗಿನಕಾಯಿ ಅರೆದು ಸೋಸುವ ನಮ್ಮ ಹೆಂಗಸರಿಗೆ ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ.

ಆದರೂ ಇದರ ಬಗ್ಗೆ ಬರೆಯಬೇಕೆನಿಸಿದ್ದು ಎರಡು ಕಾರಣಕ್ಕೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಬೇಧಿಯಾಗುತ್ತದೆ ಎನ್ನುವವರಿಗೆ ಇದು ಖರ್ಚಿಲ್ಲದ ಒಳ್ಳೆಯ ಪಾನೀಯ. ಅದೇ ಅಕ್ಕಿ ಹಾಲನ್ನು ‘ಹಾಲು’ ಎಂಬ ಹೆಸರು ನಂಬಿ ಎಳೆ ಮಗುವಿಗೆ ಕೊಟ್ಟರೆ ಮಗುವಿನ ಜೀವಕ್ಕೇ ಅಪಾಯ. ಎರಡನೆಯದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮನೆಯಲ್ಲಿ ಒಂದೆರಡು ವರ್ಷದ ಮಗು ಇರುವವರು ಮಾಡುವ ವಿಧಾನವನ್ನು ಬಿಟ್ಟರೂ ಸರಿ, ಆ ಭಾಗವನ್ನು ಮಾತ್ರ ಬಿಡದೆ ಓದಬೇಕು.

ಹಾಲು ಯಾಕೆ ಒಗ್ಗುವುದಿಲ್ಲ?

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯುವ ಕಿಣ್ವ ಸಣ್ಣ ಕರುಳಿನಲ್ಲಿ ಉತ್ಪತ್ತಿಯಾಗುತ್ತದೆ. ಎಳೆ ಮಕ್ಕಳಲ್ಲಿ ಅದು ಧಾರಾಳವಾಗಿರುತ್ತದೆ. ದೊಡ್ಡವರಾಗುತ್ತ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಉತ್ತರ ಭಾರತದವರಿಗಿಂತ ನಮ್ಮ ದಕ್ಷಿಣದವರಲ್ಲಿ ಈ ತೊಂದರೆ ಹೆಚ್ಚು. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಗ್ಯಾಸ್ ಏಳುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ. ಇದು ಅನನುಕೂಲ ಅಷ್ಟೇ, ಅಪಾಯವಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ. ಊಟದ ಜೊತೆಗೆ ಅರ್ಧ ಲೋಟ ಹಾಲೂ ಒಗ್ಗಬಹುದು. ಅಷ್ಟು ಒಗ್ಗುವವರು ಹಾಲನ್ನು ಪೂರ್ತಿ ಬಿಡುವ ಅಗತ್ಯವಿಲ್ಲ.

ಹಾಲಿನ ಅಲರ್ಜಿ ಬೇರೆ ವಿಷಯ. ಅಲ್ಲಿ ದೇಹ ತಿರುಗಿಬೀಳುವುದು ಹಾಲಿನ ಪ್ರೋಟೀನಿನ ಮೇಲೆ. ಮೈಮೇಲೆ ದದ್ದು, ತುಟಿ ಊದುವುದು, ವಾಂತಿ, ಮಲದಲ್ಲಿ ರಕ್ತ, ಕೆಲವೊಮ್ಮೆ ಉಸಿರಾಟಕ್ಕೇ ತೊಂದರೆ. ಇದು ಹೆಚ್ಚಾಗಿ ಕಾಣಿಸುವುದು ಎಳೆ ಮಕ್ಕಳಲ್ಲಿ. ಇಂಥ ಮಗುವಿಗೆ ಮೊಸರೂ ಆಗದು. “ದನದ ಹಾಲು ಬೇಡವಾದರೆ ಆಡಿನ ಹಾಲು ಕೊಡಿ” ಎಂದು ಹಿರಿಯರು ಹೇಳುವುದುಂಟು. ನಮ್ಮ ಯುನಾನಿಯಲ್ಲೂ ಆಡಿನ ಹಾಲಿಗೆ ಒಳ್ಳೆಯ ಹೆಸರಿದೆ. ಆದರೆ ದನದ ಹಾಲಿನ ಅಲರ್ಜಿ ಇರುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಆಡಿನ ಹಾಲೂ ಅದೇ ತೊಂದರೆ ಕೊಡುತ್ತದೆ, ಎರಡರ ಪ್ರೋಟೀನೂ ಅಷ್ಟು ಹತ್ತಿರ. ಹಾಗಾಗಿ ಅಲರ್ಜಿಯ ಸಂಶಯ ಬಂದರೆ ಮನೆಯ ಪ್ರಯೋಗ ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ.

ಅಕ್ಕಿಯ ಬಗ್ಗೆ ಹಕೀಮರ ಮಾತು

ಪ್ರತಿಯೊಂದು ಆಹಾರಕ್ಕೂ ಒಂದು ಮಿಝಾಜ್, ಅಂದರೆ ಗುಣಪ್ರಕೃತಿ ಇದೆ ಎಂಬುದು ಯುನಾನಿಯ ಮೂಲ ತತ್ವ. ಒಂದು ಆಹಾರದ ಅತಿಯಾದ ಗುಣವನ್ನು ಸಮಸ್ಥಿತಿಗೆ ತರಲು ಜೊತೆಗೆ ಸೇರಿಸುವ ಪದಾರ್ಥ ಅದರ ‘ಮುಸ್ಲಿಹ್’. ಅಕ್ಕಿ ಒಣ ಸ್ವಭಾವದ್ದು, ಮಲವನ್ನು ಕಟ್ಟುವಂಥದ್ದು ಎಂಬುದರಲ್ಲಿ ಹಕೀಮರಿಗೆ ಭಿನ್ನಾಭಿಪ್ರಾಯ ಕಡಿಮೆ. ಉಷ್ಣವೋ ಶೀತವೋ ಎಂಬುದರಲ್ಲಿ ಮಾತ್ರ ಚರ್ಚೆ ಇದೆ. 1037ರಲ್ಲಿ ನಿಧನರಾದ ಇಬ್ನು ಸೀನಾ ತಮ್ಮ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ಅಕ್ಕಿಯ ಉಷ್ಣಕ್ಕಿಂತ ಅದರ ಒಣಗುಣವೇ ಎದ್ದು ಕಾಣುತ್ತದೆ ಎನ್ನುತ್ತಾರೆ. ಹಾಲು ಮತ್ತು ಬಾದಾಮಿ ಎಣ್ಣೆಯೊಡನೆ ಬೇಯಿಸಿದರೆ ಪೋಷಣೆ ಹೆಚ್ಚುತ್ತದೆ, ಬಾದಾಮಿ ಎಣ್ಣೆ ಸೇರಿದರೆ ಮಲ ಕಟ್ಟುವ ಗುಣ ಇಳಿಯುತ್ತದೆ, ಅಕ್ಕಿಯನ್ನು ತೌಡಿನ ನೀರಿನಲ್ಲಿ ನೆನೆಸಿದರೆ ಇನ್ನೂ ಒಳ್ಳೆಯದು ಎಂದೂ ಅವರು ಬರೆದಿದ್ದಾರೆ. ಬರೀ ಅಕ್ಕಿ ಸಾಲದು, ಅದಕ್ಕೆ ಜೊತೆ ಬೇಕು ಎಂಬುದನ್ನು ಸಾವಿರ ವರ್ಷದ ಹಿಂದೆಯೇ ಗುರುತಿಸಿದ್ದರು. ಹಾಗಾಗಿ ನಾನು ಹೇಳುವ ಅಕ್ಕಿ ಹಾಲಿನಲ್ಲಿ ನಾಲ್ಕು ಬಾದಾಮಿ ಇದ್ದೇ ಇರುತ್ತದೆ.

ಮಾಡುವ ವಿಧಾನ

ಯಾವ ಅಕ್ಕಿ? ಬೆಳ್ತಿಗೆ ಅಕ್ಕಿಯೇ ಸರಿ. ಸೋನಾ ಮಸೂರಿ ಆಗಬಹುದು. ಬಿರಿಯಾನಿಗೆ ತಂದ ಬಾಸ್ಮತಿ ಉಳಿದಿದ್ದರೆ ಅಥವಾ ಅಂಗಡಿಯಲ್ಲಿ ಬಾಸ್ಮತಿಯ ನುಚ್ಚು ಸಿಕ್ಕರೆ ಪರಿಮಳ ಇನ್ನೂ ಚೆನ್ನ. ಕುಚ್ಚಲಕ್ಕಿಯಲ್ಲಿ ಮಾಡಿದರೆ ಗಂಜಿಯ ವಾಸನೆಯೇ ಮುಂದಾಗುತ್ತದೆ. ಊಟಕ್ಕೆ ಕುಚ್ಚಲಕ್ಕಿ ಒಳ್ಳೆಯದು, ಈ ಪಾನೀಯಕ್ಕೆ ಹೊಂದುವುದಿಲ್ಲ. ಹೊಸ ಅಕ್ಕಿಗಿಂತ ಒಂದು ವರ್ಷ ಹಳೆಯ ಅಕ್ಕಿ ಮೇಲು, ಅಂಟು ಕಡಿಮೆ.

ಅರ್ಧ ಕಪ್ ಅಕ್ಕಿ, ತೂಕದಲ್ಲಿ ಸುಮಾರು 100 ಗ್ರಾಂ, ತೆಗೆದುಕೊಳ್ಳಿ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ ತೊಳೆದು ಒಂದೆರಡು ಗಂಟೆ ನೆನೆಸಿ. ನಾಲ್ಕು ಬಾದಾಮಿ ಹಿಂದಿನ ರಾತ್ರಿಯೇ ಬೇರೆ ನೆನೆಯಲಿ. ಬೆಳಗ್ಗೆ ಅದರ ಸಿಪ್ಪೆ ತೆಗೆಯಿರಿ.

ಈಗ ಪಾತ್ರೆಯಲ್ಲಿ ಎರಡು ಮೂರು ಕಪ್ ನೀರು ಚೆನ್ನಾಗಿ ಕುದಿಸಿ, ನೆನೆದ ಅಕ್ಕಿಯನ್ನು ಬಸಿದು ಹಾಕಿ, ಐದು ನಿಮಿಷ ಕುದಿದ ಮೇಲೆ ಆ ನೀರನ್ನು ಪೂರ್ತಿ ಬಸಿದು ಚೆಲ್ಲಿಬಿಡಿ. “ಗಂಜಿ ತಿಳಿಯಲ್ಲಿ ತಾನೇ ಸತ್ವ, ಚೆಲ್ಲುವುದು ಯಾಕೆ?” ಎಂದು ನೀವು ಕೇಳುತ್ತೀರಿ. ಕಾರಣ ಇದೆ. ಭತ್ತ ನೀರು ನಿಂತ ಗದ್ದೆಯಲ್ಲಿ ಬೆಳೆಯುವ ಬೆಳೆ. ಮಣ್ಣಿನಲ್ಲಿ, ನೀರಿನಲ್ಲಿ ಇರುವ ಆರ್ಸೆನಿಕ್ ಎಂಬ ವಿಷಾಂಶವನ್ನು ಬೇರೆ ಧಾನ್ಯಗಳಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಊಟದ ಅನ್ನದಿಂದ ಬರುವ ಅಲ್ಪ ಪ್ರಮಾಣಕ್ಕೆ ದೊಡ್ಡವರು ಗಾಬರಿಯಾಗಬೇಕಿಲ್ಲ. ಆದರೆ ಮೂರು ಹೊತ್ತು ಅನ್ನ ಉಣ್ಣುವ ನಾವು ಅದರ ಮೇಲೆ ಅಕ್ಕಿಯನ್ನೇ ಕುಡಿಯಲು ಹೊರಟಾಗ ಸ್ವಲ್ಪ ಎಚ್ಚರ ಒಳ್ಳೆಯದು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ಪರೀಕ್ಷಿಸಿ ತೋರಿಸಿದ್ದು ಇದನ್ನೇ. ಐದು ನಿಮಿಷ ಕುದಿಸಿ, ನೀರು ಬಸಿದು, ಹೊಸ ನೀರಿನಲ್ಲಿ ಬೇಯಿಸಿದರೆ ಬಿಳಿ ಅಕ್ಕಿಯ ಆರ್ಸೆನಿಕ್ ಶೇಕಡ 74ರಷ್ಟು ಕಡಿಮೆಯಾಗುತ್ತದೆ. ಪಾಲಿಶ್ ಮಾಡದ ಕಂದು ಅಕ್ಕಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹೋಗುತ್ತದೆ. ಆರ್ಸೆನಿಕ್ ಹೆಚ್ಚಾಗಿ ತೌಡಿನ ಪದರದಲ್ಲಿ ಇರುವುದರಿಂದ ಈ ಒಂದು ವಿಷಯದಲ್ಲಿ ಮಾತ್ರ ಬಿಳಿ ಅಕ್ಕಿಯೇ ವಾಸಿ.

ಬಸಿದ ಅಕ್ಕಿಗೆ ಹೊಸದಾಗಿ ಅರ್ಧ ಲೀಟರ್ ನೀರು, ಚಿಟಿಕೆ ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಬರಿಸಿ. ಅಗುಳು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಆಗಬೇಕು. ಸರಿಯಾಗಿ ಬೇಯದ ಅಕ್ಕಿಯಿಂದ ಮಾಡಿದ ಹಾಲು ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಬೆಂದ ಮೇಲೆ ಹತ್ತು ಹದಿನೈದು ನಿಮಿಷ ಆರಲು ಬಿಡಿ. ಬಿಸಿ ಅನ್ನವನ್ನು ಮುಚ್ಚಿದ ಮಿಕ್ಸಿ ಜಾರಿಗೆ ಹಾಕಿ ತಿರುಗಿಸಿದರೆ ಒಳಗಿನ ಹಬೆಗೆ ಮುಚ್ಚಳ ಹಾರಿ ಕೈ ಮುಖ ಸುಡುವುದುಂಟು.

ಆರಿದ ಅಕ್ಕಿ, ಬಾದಾಮಿ, ಒಂದು ಏಲಕ್ಕಿಯ ಕಾಳು ಜಾರಿಗೆ ಹಾಕಿ. ಕುದಿಸಿ ಆರಿಸಿ ತಂಪು ಮಾಡಿಟ್ಟ ಇನ್ನರ್ಧ ಲೀಟರ್ ನೀರನ್ನು ಎರಡು ಸಲಕ್ಕೆ ಹಾಕಿ ಅರೆಯಿರಿ. ಇಲ್ಲಿಯೇ ಹೆಚ್ಚಿನವರಿಗೆ ಕೆಡುವುದು. ನುಣ್ಣಗಾಗಲಿ ಎಂದು ಎರಡು ಮೂರು ನಿಮಿಷ ಬಿಡದೆ ತಿರುಗಿಸುತ್ತಾರೆ. ಬೆಂದ ಅಕ್ಕಿಯ ಪಿಷ್ಟ ಬಿಟ್ಟುಕೊಂಡು, ಜಾರು ಬಿಸಿಯಾಗಿ, ಕೊನೆಗೆ ಸಿಗುವುದು ಅಂಟು ಅಂಟಾದ ಲೋಳೆ. ಮೂವತ್ತು ನಲವತ್ತು ಸೆಕೆಂಡ್ ಸಾಕು. ನೀರು ತಂಪಾಗಿದ್ದಷ್ಟೂ ಹಾಲು ತಿಳಿಯಾಗುತ್ತದೆ.

ಮಲ್‌ಮಲ್ ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಗಟ್ಟಿಯಾಗಿ ಹಿಂಡಬೇಡಿ, ಹಿಂಡಿದರೆ ಮತ್ತೆ ಲೋಳೆ ಇಳಿಯುತ್ತದೆ. ತಾನಾಗಿ ಇಳಿದಷ್ಟು, ಮೆಲ್ಲಗೆ ಒತ್ತಿದಾಗ ಬಂದಷ್ಟು ತೆಗೆದುಕೊಳ್ಳಿ. ಸುಮಾರು ನಾಲ್ಕು ಲೋಟ ಹಾಲು ಸಿಗುತ್ತದೆ. ಬಟ್ಟೆಯಲ್ಲಿ ಉಳಿದದ್ದನ್ನು ಅದೇ ದಿನ ಅಕ್ಕಿರೊಟ್ಟಿ ಹಿಟ್ಟಿಗೋ ದೋಸೆ ಹಿಟ್ಟಿಗೋ ಸೇರಿಸಿ, ಸಾರು ಮಂದವಾಗಲೂ ಹಾಕಬಹುದು.

ಸಿಹಿ ಬೇಕಿದ್ದರೆ ಎರಡು ಮೂರು ಖರ್ಜೂರದ ಬೀಜ ತೆಗೆದು ನೆನೆಸಿ, ಅರೆಯುವಾಗಲೇ ಸೇರಿಸಿ. ಪೆಟ್ಟಿಗೆಯ ರೈಸ್ ಮಿಲ್ಕ್ ಕುಡಿದು ನೋಡಿದವರು “ಅದು ಸಕ್ಕರೆ ಹಾಕದೆಯೂ ಸಿಹಿಯಾಗಿತ್ತು, ಮನೆಯದ್ದು ಯಾಕೆ ಸಪ್ಪೆ?” ಎನ್ನುತ್ತಾರೆ. ಕಾರ್ಖಾನೆಯಲ್ಲಿ ಕಿಣ್ವ ಹಾಕಿ ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಾರೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಮಾತು ಸುಳ್ಳಲ್ಲ, ಆದರೆ ಸಕ್ಕರೆ ಅಲ್ಲಿ ಇಲ್ಲದೆಯೂ ಇಲ್ಲ. ಇನ್ನೊಂದು ವ್ಯತ್ಯಾಸವನ್ನೂ ನೆನಪಿಡಿ. ಆ ಪೆಟ್ಟಿಗೆಗಳಲ್ಲಿ ಹಲವಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಬೇರೆಯಾಗಿ ಸೇರಿಸಿರುತ್ತಾರೆ. ಮನೆಯದ್ದರಲ್ಲಿ ಅದು ಯಾವುದೂ ಇರುವುದಿಲ್ಲ. ಪೆಟ್ಟಿಗೆಯದ್ದನ್ನೇ ಕೊಳ್ಳುವವರು ಹಿಂಬದಿಯ ಪಟ್ಟಿ ಓದಿ ನೋಡಿ. ಸುವಾಸನೆಗೆ ಹಾಕುವ ವೆನಿಲಾ ಸಾರದಂಥವುಗಳನ್ನು ಮದ್ಯಸಾರದಲ್ಲಿ ಇಳಿಸಿರುವುದುಂಟು. ಮನೆಯಲ್ಲಿ ಮಾಡಿಕೊಂಡರೆ ಈ ತಲೆಬಿಸಿಯೂ ಇಲ್ಲ. ಅಂದ ಹಾಗೆ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಗಿಡಮೂಲದ ಇಂಥ ಪಾನೀಯಗಳ ಪೆಟ್ಟಿಗೆಯ ಮೇಲೆ ‘ಹಾಲು’ ಎಂದು ಬರೆಯಲು ಬಿಡುವುದಿಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ನಿಯಮ.

ಹಸಿ ಅಕ್ಕಿಯನ್ನೇ ಅರೆದು ಸೋಸುವ ಇನ್ನೊಂದು ವಿಧಾನವೂ ಇದೆ. ಅದು ಹರೀರಾ ಮಾಡುವವರಿಗೆ ಅನುಕೂಲ. 50 ಗ್ರಾಂ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ನುಣ್ಣಗೆ ಅರೆದು, ಒಂದು ಲೀಟರ್ ನೀರು ಸೇರಿಸಿ ಸೋಸಿ, ಕೈ ಬಿಡದೆ ಕಲಕುತ್ತ ಹತ್ತು ನಿಮಿಷವಾದರೂ ಕುದಿಸಬೇಕು. ಕುದಿಸದೆ ಕುಡಿಯಬೇಡಿ. ಹಸಿ ಪಿಷ್ಟ ಜೀರ್ಣವಾಗುವುದು ಕಷ್ಟ, ಅಕ್ಕಿಯ ಮೇಲಿನ ಸೂಕ್ಷ್ಮಜೀವಿಗಳೂ ಹಾಗೆಯೇ ಹೊಟ್ಟೆಗೆ ಹೋಗುತ್ತವೆ.

ಇದು ಹಾಲಿನ ಬದಲಿ ಅಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಲೆಕ್ಕ ಸುಲಭ, ನೀವೇ ಹಾಕಿ ನೋಡಿ. 100 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅದರಿಂದ ನಾಲ್ಕು ಲೋಟ ಹಾಲು. ಸೋಸದೆ ಎಲ್ಲವನ್ನೂ ಕುಡಿದರೂ ಒಂದು ಲೋಟಕ್ಕೆ 2 ಗ್ರಾಂ ಪ್ರೋಟೀನ್ ದಾಟುವುದಿಲ್ಲ. ಸೋಸಿದರೆ ಇನ್ನೂ ಕಡಿಮೆ. ಅಷ್ಟೇ ದನದ ಹಾಲಿನಲ್ಲಿ 6 ಗ್ರಾಂ ಮೇಲೆ. ಕ್ಯಾಲ್ಸಿಯಂ ನೋಡಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಒಂದು ಲೋಟ ದನದ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ. ಮನೆಯ ಅಕ್ಕಿ ಹಾಲಿನಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ನಾಲ್ಕು ಬಾದಾಮಿ ಹಾಕಿದ್ದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ದೊಡ್ಡವರು ಮೀನು, ಮೊಟ್ಟೆ, ಮಾಂಸ, ಬೇಳೆ ತಿನ್ನುತ್ತಾರೆ. ಅವರ ಊಟದಲ್ಲಿ ಪ್ರೋಟೀನ್ ಬೇರೆ ಕಡೆಯಿಂದ ಬರುತ್ತದೆ. ಹಾಲೇ ಮುಖ್ಯ ಆಹಾರವಾಗಿರುವ ಮಗುವಿನ ಗತಿ ಏನು?

ಒಮ್ಮೆ ನನ್ನ ಕ್ಲಿನಿಕ್‌ಗೆ ಹದಿನಾಲ್ಕು ತಿಂಗಳ ಮಗುವನ್ನು ಅಜ್ಜಿ ಎತ್ತಿಕೊಂಡು ಬಂದಿದ್ದರು. ಜೊತೆಗೆ ತಾಯಿ. ಮಗು ಬರೀ ಅಳುತ್ತದೆ, ಆಟವಾಡುವುದಿಲ್ಲ ಎಂಬುದು ಅವರ ದೂರು. ನೋಡಲು ಮಗು ತುಂಬಿಕೊಂಡಿತ್ತು. “ಡಾಕ್ಟ್ರೇ, ದನದ ಹಾಲು ಕುಡಿದರೆ ಮೈಯೆಲ್ಲ ದದ್ದು ಬರ್ತಿತ್ತು, ಅದನ್ನು ಬಿಡಿಸಿ ಅಕ್ಕಿ ಹಾಲು ಶುರು ಮಾಡಿದ ಮೇಲೆ ನೋಡಿ ಹೇಗೆ ದಪ್ಪ ಆಗಿದ್ದಾನೆ” ಎಂದರು ಅಜ್ಜಿ, ಸಮಾಧಾನದಿಂದಲೇ. ಮಗುವಿನ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿ ತೆಗೆದೆ. ಒತ್ತಿದ ಜಾಗ ಗುಳಿ ಬಿದ್ದು ಹಾಗೆಯೇ ನಿಂತಿತು. ಕೂದಲು ಕೆಂಚಗಾಗಿ ಎಳೆದರೆ ಕೈಗೆ ಬರುತ್ತಿತ್ತು. ಅದು ಮೈ ತುಂಬಿಕೊಂಡದ್ದಲ್ಲ, ಪ್ರೋಟೀನ್ ಇಲ್ಲದೆ ಮೈಯಲ್ಲಿ ನೀರು ತುಂಬಿದ್ದು. ಕ್ವಾಶಿಯೋರ್ಕರ್ ಎನ್ನುತ್ತಾರೆ. ಕಷಾಯ ಕೊಟ್ಟು ಕಳಿಸುವ ಕಾಯಿಲೆ ಇದಲ್ಲ. ಅಂದೇ ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಕಳಿಸಿದೆ. ಮಗು ಅಲ್ಲಿ ಕೆಲವು ವಾರ ಇದ್ದು ಚೇತರಿಸಿಕೊಂಡಿತು.

ಬಡತನದಿಂದ ಬಂದ ಕಾಯಿಲೆಯಲ್ಲ ಇದು. ಆ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಅಮೆರಿಕದಲ್ಲೂ ಇದೇ ಕಂಡಿದೆ. ಹಾಲಿನ ಬದಲು ಅಕ್ಕಿಯ ಪಾನೀಯವನ್ನೇ ಕುಡಿದು ಬೆಳೆದ, ಎರಡು ವರ್ಷವೂ ತುಂಬದ ಮಗುವಿಗೆ ಕ್ವಾಶಿಯೋರ್ಕರ್ ಬಂದದ್ದನ್ನು ಅಲ್ಲಿನ ಮಕ್ಕಳ ವೈದ್ಯರು 2001ರಲ್ಲಿ ವರದಿ ಮಾಡಿದ್ದಾರೆ. ಆ ಹೆತ್ತವರೂ ಮಗುವಿಗೆ ಒಳ್ಳೆಯದೆಂದು ನಂಬಿಯೇ ಕೊಟ್ಟದ್ದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಆರ್ಸೆನಿಕ್‌ನ ಕಾರಣಕ್ಕೆ ಐದು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಯ ಪಾನೀಯ ಕೊಡಲೇಬಾರದು ಎನ್ನುತ್ತದೆ. ಮಗುವಿನ ತೂಕ ಕಡಿಮೆ, ಕುಡಿಯುವ ಪ್ರಮಾಣ ಹೆಚ್ಚು, ಹಾಗಾಗಿ ವಿಷಾಂಶ ದೊಡ್ಡವರಿಗಿಂತ ಜಾಸ್ತಿ ಸೇರುತ್ತದೆ.

ಆದ್ದರಿಂದ ಒಂದು ವರ್ಷದೊಳಗಿನ ಮಗುವಿಗೆ ಅಕ್ಕಿ ಹಾಲು ಒಂದು ಚಮಚವೂ ಬೇಡ. ಐದು ವರ್ಷದವರೆಗೆ ಹಾಲಿನ ಬದಲಾಗಿ ಬೇಡ. ಆರು ತಿಂಗಳು ದಾಟಿದ ಮಗುವಿಗೆ ಬೇರೆ ಆಹಾರದ ಜೊತೆ ಮೆತ್ತಗಿನ ಅನ್ನ, ಬೇಳೆ ಸೇರಿಸಿದ ಗಂಜಿ ಉಣ್ಣಿಸುವುದು ಬೇರೆ ಮಾತು. ಅದು ಊಟ, ಹಾಲಿನ ಜಾಗಕ್ಕೆ ಬಂದದ್ದಲ್ಲ. ಎದೆಹಾಲನ್ನು ಎರಡು ವರ್ಷ ಕುಡಿಸುವ ಬಗ್ಗೆ ಕುರ್‌ಆನ್ ಹೇಳಿರುವುದು ನಮಗೆಲ್ಲ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಎರಡು ವರ್ಷ ಮತ್ತು ಅದರಾಚೆ ಎಂದೇ ಇದೆ. ಎದೆಹಾಲು ಸಾಲದೆ ಬಂದು, ದನದ ಹಾಲಿನ ಅಲರ್ಜಿಯೂ ಇರುವ ಮಗುವಿಗೆ ಪ್ರೋಟೀನನ್ನು ಒಡೆದು ತಯಾರಿಸಿದ ವಿಶೇಷ ಪುಡಿ ಹಾಲುಗಳಿವೆ. ಬೆಲೆ ಹೆಚ್ಚು ನಿಜ. ಯಾವುದು, ಎಷ್ಟು ದಿನ ಎಂಬುದನ್ನು ಮಕ್ಕಳ ವೈದ್ಯರೇ ಹೇಳಬೇಕು. ಅಲರ್ಜಿ ಎಷ್ಟೋ ಮಕ್ಕಳಲ್ಲಿ ಕೆಲವು ವರ್ಷದಲ್ಲಿ ತಾನಾಗಿ ಹೋಗುತ್ತದೆ.

ಮಗುವಿಗೆ ಬೇಧಿಯಾದಾಗ ಅಕ್ಕಿ ಹಾಲೇ ಸಾಕು ಎಂದುಕೊಳ್ಳುವವರೂ ಇದ್ದಾರೆ. ಅಕ್ಕಿ ಮಲವನ್ನು ಗಟ್ಟಿ ಮಾಡುತ್ತದೆ ಎಂಬುದು ಹೌದು. ಆದರೆ ಬೇಧಿಯಲ್ಲಿ ಜೀವ ತೆಗೆಯುವುದು ನೀರು ಮತ್ತು ಲವಣದ ನಷ್ಟ. ಅದಕ್ಕೆ ಓಆರ್‌ಎಸ್ ಬೇಕು, ಜೊತೆಗೆ ವೈದ್ಯರು ಹೇಳಿದಷ್ಟು ದಿನ ಸತು, ಎದೆಹಾಲು ನಿಲ್ಲಿಸಬಾರದು. ಸಿಹಿ ಹಾಕಿದ ಅಕ್ಕಿ ಹಾಲು ಕುಡಿಸಿದರೆ ಬೇಧಿ ಹೆಚ್ಚಲೂಬಹುದು. ಮತ್ತೆ, ಸಿಹಿಗೆಂದು ಜೇನುತುಪ್ಪ ಹಾಕುವವರಿಗೆ ಒಂದು ಮಾತು. ಜೇನು ಶಿಫಾ ಹೌದು, ಆದರೆ ಒಂದು ವರ್ಷ ತುಂಬುವ ಮೊದಲು ಯಾವ ರೂಪದಲ್ಲೂ ಕೊಡಬೇಡಿ. ಅದರಲ್ಲಿರಬಹುದಾದ ಬೊಟುಲಿಸಂ ಎಂಬ ರೋಗದ ಬೀಜಾಣುಗಳನ್ನು ಎದುರಿಸುವ ಶಕ್ತಿ ಎಳೆಯ ಕರುಳಿಗೆ ಇನ್ನೂ ಬಂದಿರುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು

ಸಕ್ಕರೆ ಕಾಯಿಲೆಯವರು ಇದನ್ನು ಅನ್ನವೆಂದೇ ಲೆಕ್ಕ ಹಾಕಬೇಕು. ಒಂದು ಲೋಟ ಅಕ್ಕಿ ಹಾಲೆಂದರೆ 25 ಗ್ರಾಂ ಅಕ್ಕಿ, ಅಂದರೆ ಸಣ್ಣ ಬಟ್ಟಲಿನಲ್ಲಿ ಅರ್ಧದಷ್ಟು ಅನ್ನ. ಅದೂ ಅರೆದು ದ್ರವ ಮಾಡಿದ್ದು, ಅಗಿಯುವ ಕೆಲಸವಿಲ್ಲ, ಹೊಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ರಕ್ತದ ಸಕ್ಕರೆ ಅನ್ನಕ್ಕಿಂತ ಬೇಗ ಏರುತ್ತದೆ. ದನದ ಹಾಲಿನ ಗ್ಲೈಸೆಮಿಕ್ ಸೂಚ್ಯಂಕಕ್ಕೆ ಹೋಲಿಸಿದರೆ ಅಕ್ಕಿ ಹಾಲಿನದ್ದು ಎರಡು ಪಟ್ಟಿಗೂ ಮೇಲೆ. ಇಫ್ತಾರ್ ಹೊತ್ತಿನಲ್ಲಿ ಮೂರು ಖರ್ಜೂರ ತಿಂದು, ಮೇಲೆ ಖರ್ಜೂರ ಹಾಕಿದ ಅಕ್ಕಿ ಹಾಲು ಕುಡಿದು, ನಂತರ ಮಸೀದಿಯ ಗಂಜಿಯನ್ನೂ ಕುಡಿದರೆ ಒಂದು ಗಂಟೆಯ ಬಳಿಕ ಮೀಟರಿನಲ್ಲಿ ಏನು ಬರುತ್ತದೆಂದು ನೋಡಿಕೊಳ್ಳಿ. ಹಾಲು ಒಗ್ಗದ ಸಕ್ಕರೆ ಕಾಯಿಲೆಯವರಿಗೆ ನೀರು ಮಜ್ಜಿಗೆ ಒಳ್ಳೆಯದು. ಅದೂ ಆಗದಿದ್ದರೆ ಬಾದಾಮಿಯ ಶೀರಾ, ಸಿಹಿ ಹಾಕದೆ.

ಮೂತ್ರಪಿಂಡದ ಕಾಯಿಲೆಯವರಲ್ಲಿ ಕೆಲವರಿಗೆ ಇದು ಒಗ್ಗುತ್ತದೆ. ಹಾಲಿನಲ್ಲಿರುವಷ್ಟು ರಂಜಕ, ಪೊಟ್ಯಾಸಿಯಂ ಇದರಲ್ಲಿಲ್ಲ. ಅಂಥವರು ತಮ್ಮ ವೈದ್ಯರನ್ನು ಕೇಳಿ, ಬಾದಾಮಿ ಬಿಟ್ಟು ಮಾಡಿಕೊಳ್ಳಲಿ, ಬಾದಾಮಿಯಲ್ಲಿ ಈ ಎರಡೂ ಇವೆ.

ಹಾಲು ಒಗ್ಗದ ದೊಡ್ಡವರು, ಹೈಸ್ಕೂಲು ಮಕ್ಕಳು, ಹಾಲಿನ ವಾಸನೆಯೇ ಆಗದ ಗರ್ಭಿಣಿಯರು ಧಾರಾಳವಾಗಿ ಕುಡಿಯಬಹುದು, ದಿನಕ್ಕೆ ಒಂದು ಲೋಟ. ಕ್ಯಾಲ್ಸಿಯಂ ಮಾತ್ರ ಬೇರೆ ದಾರಿಯಿಂದ ಬರಲಿ. ರಾಗಿ, ಎಳ್ಳು, ನುಗ್ಗೆ ಸೊಪ್ಪು, ಮುಳ್ಳಿನೊಂದಿಗೇ ತಿನ್ನುವ ಸಣ್ಣ ಮೀನು ಇವೆಲ್ಲ ನಮ್ಮ ಅಡುಗೆಮನೆಗೆ ಹೊಸದಲ್ಲ. ಗರ್ಭಿಣಿಯರು ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ಬಿಡಬಾರದು. ಪ್ರೋಟೀನ್ ಸ್ವಲ್ಪ ಹೆಚ್ಚಬೇಕೆಂದರೆ ಬಾದಾಮಿಯ ಜೊತೆ ಒಂದು ದೊಡ್ಡ ಚಮಚ ಚಾರ್ ಮಗ್ಝ್ ನೆನೆಸಿ ಅರೆಯಿರಿ. ಕಲ್ಲಂಗಡಿ, ಕರ್ಬೂಜ, ಸೌತೆ, ಕುಂಬಳ ಈ ನಾಲ್ಕರ ಬೀಜದ ತಿರುಳದು. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಮಲಬದ್ಧತೆ ಇರುವವರಿಗೂ ಹೀಗೆ ಮಾಡಿದ್ದೇ ಹಿತ.

ಶೀರ್ ಖುರ್ಮಾವನ್ನು ಹಾಲು ಒಗ್ಗದವರಿಗಾಗಿ ಅಕ್ಕಿ ಹಾಲಿನಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಬಹುದು. ಅಕ್ಕಿ ಹಾಲಿಗೆ ಅರ್ಧದಷ್ಟು ತೆಂಗಿನ ಹಾಲು ಸೇರಿಸಿದರೆ ರುಚಿ ಬರುತ್ತದೆ. ಶಾವಿಗೆಯನ್ನು ನೀರಲ್ಲಿ ಬೇಯಿಸಿಕೊಂಡು ಕೊನೆಗೆ ಇದನ್ನು ಸೇರಿಸಿ ಒಂದು ಕುದಿ ಬಂದ ಕೂಡಲೇ ಇಳಿಸಿ. ದನದ ಹಾಲಿನಂತೆ ಕಾಯಿಸುತ್ತ ಕೂತರೆ ಅಂಬಲಿಯಾಗುತ್ತದೆ. ಚಹಾಕ್ಕೂ ಹಾಕಬಹುದು, ಒಡೆಯುವುದಿಲ್ಲ, ಆದರೆ ನಿಜ ಹೇಳಬೇಕೆಂದರೆ ಆ ಚಹಾ ನನಗೆ ಇಳಿಯುವುದಿಲ್ಲ.

ಇಡುವ ಕ್ರಮ

ಅನ್ನವನ್ನು ಹೊರಗೆ ಬಿಟ್ಟರೆ ಕೆಡುತ್ತದೆ ಎಂಬುದು ಗೊತ್ತಿದ್ದೂ ಅಕ್ಕಿ ಹಾಲಿನ ವಿಷಯದಲ್ಲಿ ಮರೆಯುತ್ತೇವೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿಯಲ್ಲಿ ಸಾಮಾನ್ಯ. ಅವು ಬೇಯಿಸಿದರೂ ಸಾಯುವುದಿಲ್ಲ. ಬೆಂದದ್ದು ಬೆಚ್ಚಗೆ ಉಳಿದರೆ ಮೊಳೆತು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಉಗುಳುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. “ಬಿಸಿ ಮಾಡಿ ಕೊಟ್ಟೆವಲ್ಲ” ಎಂಬ ಸಮಾಧಾನ ಇಲ್ಲಿ ನಡೆಯದು. ವಾಸನೆ, ರುಚಿ ಬದಲಾಗದೆಯೂ ವಿಷ ಇರಬಹುದು.

ಹಾಗಾಗಿ ಸೋಸಿದ ಒಂದು ಗಂಟೆಯೊಳಗೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬಾಗಿಲಿನ ಕಪಾಟಿನಲ್ಲಿ ಬೇಡ, ಅಲ್ಲಿ ತಂಪು ಕಡಿಮೆ, ಒಳಗೆ ಹಿಂಬದಿಗೆ ಇಡಿ. ಎರಡು ದಿನದೊಳಗೆ ಮುಗಿಸಿ. ತಳದಲ್ಲಿ ಕೆನೆಯಂತೆ ಗಟ್ಟಿ ಕೂರುವುದು ಸಹಜ, ಅಲುಗಾಡಿಸಿದರೆ ಸರಿಹೋಗುತ್ತದೆ. ಹುಳಿ ವಾಸನೆ, ನೊರೆ, ಎಳೆ ಎಳೆಯಾಗಿ ಬರುವುದು ಕಂಡರೆ ಚೆಲ್ಲಿಬಿಡಿ, ಆಹಾರ ಚೆಲ್ಲಬಾರದೆಂಬ ಸಂಕೋಚ ಇಲ್ಲಿ ಬೇಡ. ಕರೆಂಟ್ ಹೋಗಿ ನಾಲ್ಕು ಗಂಟೆ ದಾಟಿದ್ದರೂ ಹಾಗೆಯೇ. ರಮಝಾನಿನಲ್ಲಿ ಝುಹರ್ ಹೊತ್ತಿಗೇ ಮಾಡಿ ಮೇಜಿನ ಮೇಲಿಡಬೇಡಿ. ಅಸರ್ ಬಳಿಕ ಮಾಡಿ, ಮಗ್ರಿಬ್‌ವರೆಗೆ ಫ್ರಿಜ್ಜಿನಲ್ಲಿರಲಿ. ನಾಲ್ಕು ಲೋಟ ಬೇಡವಾದರೆ ಅಕ್ಕಿ, ನೀರು ಎರಡನ್ನೂ ಅರ್ಧ ಮಾಡಿ.

ಸೋಸುವ ಬಟ್ಟೆಯನ್ನು ಇದಕ್ಕೆಂದೇ ಬೇರೆ ಇಡಿ. ಬಳಸಿದ ಕೂಡಲೇ ತಣ್ಣೀರಲ್ಲಿ ತೊಳೆಯಿರಿ, ಬಿಸಿನೀರು ಹಾಕಿದರೆ ಪಿಷ್ಟ ಎಳೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಐದು ನಿಮಿಷ ಕುದಿಸಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಮುಗ್ಗಲು ವಾಸನೆ ಬರುವಾಗ ಸ್ಟೀಲ್ ಜಾಲರಿಯಲ್ಲಿ ಎರಡು ಸಲ ಸೋಸುವುದೇ ಲೇಸು. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ವಾಶರನ್ನು ವಾರಕ್ಕೊಮ್ಮೆಯಾದರೂ ತೆಗೆದು, ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಿ.